ಸವಾಲು ನಮ್ಮ ಹೆಸರಿಗೆ ನಿಂತ ಮೇಲೆ

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಸಂಡೂರಿನ ಗುಡ್ಡಗಳಲ್ಲಿ ಅಗೆದು ರಾಶಿ ಹಾಕಿದ್ದ ಅದಿರನ್ನು ಉಸ್ತುವಾರಿ ಸಮಿತಿಯ ಮೂಲಕ ಇ-ಹರಾಜಿನಲ್ಲೇ ಮಾರಬೇಕು ಎಂದೂ ಆಯಿತು. ಅಲ್ಲಿಂದ 2022ರ ಮೇ 20ಕ್ಕೆ ಕೋರ್ಟು ಆ ಕಟ್ಟು ಸಡಿಲಿಸುವವರೆಗೆ, ಹೊಸಪೇಟೆ ಹತ್ತಿರದ ಸಣ್ಣದೊಂದು ಸ್ಪಾಂಜ್ ಐರನ್ ಕಾರ್ಖಾನೆಗೆ ಅದಿರು ಹಿಡಿಯುವುದು ನನ್ನ ಕೆಲಸವಾಗಿತ್ತು. ಸವಾಲು ಕೂಗುವುದನ್ನು ಒಂದು ವಾರದಲ್ಲಿ ಕಲಿತೆ. ಕೂಗಿದ ಮೇಲಿನದ್ದನ್ನು ಕಲಿಯಲು ವರ್ಷಗಳೇ ಹಿಡಿದವು.

1. ಕೂಗಿದ ದರವೇ ಕೊಳ್ಳುವ ದರವಲ್ಲ. ಮೊದಲ ಲಾಟು ನಮಗಾದ ದಿನ ಆಫೀಸಿನಲ್ಲಿ ಪೇಡ ಹಂಚಿದೆವು. ಸಂಜೆ ಅಕೌಂಟ್ಸ್‌ನವರು ಕಾಗದ ತಂದು ಮುಂದಿಟ್ಟರು: ರಾಯಲ್ಟಿ ಬೇರೆ, ಅರಣ್ಯ ಅಭಿವೃದ್ಧಿ ತೆರಿಗೆ ಬೇರೆ, ಮಾರಾಟ ತೆರಿಗೆ ಬೇರೆ. ರಾಯಲ್ಟಿ ಆಗ ಶೇ 10 ಇತ್ತು, 2014ರ ಸೆಪ್ಟೆಂಬರ್‌ನಿಂದ ಶೇ 15 ಆಯಿತು. ಜಿಎಸ್‌ಟಿ 2021ರ ಅಕ್ಟೋಬರ್‌ನಲ್ಲಿ ಶೇ 5ರಿಂದ ಒಮ್ಮೆಲೇ 18ಕ್ಕೆ ಹಾರಿತು. ಇವನ್ನೆಲ್ಲ ಕಳೆದು, ಲಾರಿ ಬಾಡಿಗೆಯನ್ನೂ ಕಳೆದು ಉಳಿದದ್ದೇ ನಿಮ್ಮ ಸವಾಲಿನ ಮಿತಿ.

2. ಕೂಗಿದ ಮೇಲೆ ಹಿಂದೆ ಸರಿದರೆ ಠೇವಣಿ ಹೋಯಿತೆಂದೇ ಲೆಕ್ಕ. 2015ರ ಡಿಸೆಂಬರ್ ಹೊತ್ತಿಗೆ ಹೊರದೇಶದ ಪೇಟೆಯಲ್ಲಿ ಅದಿರಿನ ದರ ಟನ್ನಿಗೆ 40 ಡಾಲರ್‌ಗಿಂತ ಕೆಳಗೆ ಇಳಿದಿತ್ತು. ಹಿಂದಿನ ತಿಂಗಳು ಕೂಗಿದವರಿಗೆ ಹೊಟ್ಟೆ ಉರಿ. ನಮ್ಮ ಯಜಮಾನರು ಮಾತ್ರ ದುಡ್ಡು ಕಟ್ಟಿಸಿದರು. ಅದು ನನಗೆ ಆಗ ಹಿಡಿಸಲಿಲ್ಲ, ಈಗಲೂ ಪೂರ್ತಿ ಹಿಡಿಸಿಲ್ಲ. ಕಂಪ್ಲಿಯಲ್ಲಿ ಭತ್ತ ಹಿಡಿಯುವ ಗೆಳೆಯನೊಬ್ಬ ಇದನ್ನು ಕೇಳಿ ನಕ್ಕ. ಅವನ ಯಾರ್ಡಿನಲ್ಲಿ ಟೆಂಡರ್ ಹಾಕಿದ ಮೇಲೆ ‘ಹಸಿ ಐತಿ’ ಎಂದು ತಕರಾರು ತೆಗೆದರೆ ರೈತ ಎದುರಿಗೇ ನಿಂತಿರುತ್ತಾನೆ. ನಮ್ಮ ಎದುರಿಗೆ ಇರುವುದು ಕಂಪ್ಯೂಟರ್ ಪರದೆಯೊಂದೇ.

3. ಇದ್ದಲ್ಲಿ, ಇದ್ದ ಹಾಗೆ. ಷರತ್ತಿನ ಈ ಮಾತನ್ನು ಓದಿಯೂ ಓದದ ಹಾಗಿರುತ್ತೇವೆ. ಒಂದು ಮಳೆಗಾಲ, ಕುಮಾರಸ್ವಾಮಿ ಬೆಟ್ಟದ ಕಡೆಯ ಲಾಟು. ಕಾಟಾದ ಮೇಲೆ ನಿಂತ ಟಿಪ್ಪರಿನ ಹಿಂಬಾಗಿಲಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಆ ನೀರಿಗೂ ಅದಿರಿನ ದರವೇ. ತೇವ ಶೇ 8 ಇದ್ದರೆ 100 ಟನ್ನಿನಲ್ಲಿ 8 ಟನ್ ಕುಲುಮೆಗೆ ಬರುವುದೇ ಇಲ್ಲ. ಪರೀಕ್ಷೆ ಮಾಡುವುದಿದ್ದರೆ ಹರಾಜಿಗೆ ಮುಂಚೆ ರಾಶಿಯ ಹತ್ತಿರ ಹೋಗಿ. ತುದಿಯ ಹಿಡಿಯನ್ನಲ್ಲ, ಬುಡ ಕೆದರಿ ಒಳಗಿನದನ್ನು ತನ್ನಿ.

4. ನಿಜವಾದ ಪರೀಕ್ಷೆ ಮಾಲು ಎತ್ತುವುದು. ಗಡುವಿನೊಳಗೆ ರಾಶಿ ಖಾಲಿಯಾಗಬೇಕು. ಆದರೆ ಗೆದ್ದವರೆಲ್ಲರಿಗೂ ಒಂದೇ ವಾರ ಲಾರಿ ಬೇಕು, ಬಾಡಿಗೆ ಏರುತ್ತದೆ. ಪ್ರತಿ ಟ್ರಿಪ್ಪಿಗೂ ಪರ್ಮಿಟ್, ಅದಕ್ಕೊಂದು ಹೊತ್ತು. ಒಂದು ರಾತ್ರಿ ಡ್ರೈವರ್ ಫೋನ್ ಮಾಡಿದ: “ಅಣ್ಣಾ, ಟೈರ್ ಹೋತು. ಪರ್ಮಿಟ್ ಟೈಮು ಮುಗೀತಾ ಬಂತು, ನಡಸ್ಲೇನು?” “ಅಲ್ಲೇ ನಿಂದ್ರು” ಎಂದೆ. ಹೊತ್ತು ಮೀರಿದ ಪರ್ಮಿಟ್ ಇಟ್ಟುಕೊಂಡು ಓಡಿದರೆ ಅದು ಕದ್ದ ಅದಿರಿಗೆ ಸಮ. ಲಾರಿ, ಮಾಲು ಎರಡೂ ಜಪ್ತಿಯಾಗಬಹುದು. ಆ ರಾತ್ರಿಯೇ ಗಣಿ ಕಚೇರಿಗೆ ತಿಳಿಸಿ, ಪಂಕ್ಚರಿನ ಫೋಟೊ ಕಳಿಸಿ, ಬೆಳಿಗ್ಗೆ ಹೋಗಿ ಬರೆದೂ ಕೊಟ್ಟೆ. ಅಷ್ಟು ಮಾಡಿಯೂ ಮೂರು ದಿನ ಓಡಾಡಿದೆ.

5. ಟಾರ್ಪಾಲಿನ್ ಕಟ್ಟಿಸಿ. ಅದಕ್ಕೆ ವಿವರಣೆ ಬೇಡ, ಸಂಡೂರು ರಸ್ತೆಯ ಬದಿಯ ಕೆಂಪು ಧೂಳು ಹೊತ್ತ ಮರಗಳನ್ನು ನೋಡಿದವರಿಗೆ ಗೊತ್ತು.

6. ನಾವೇ ಕುಲುಮೆಗೆ ಹಾಕುತ್ತೇವೆ ಎಂಬ ನಮೂನೆಯನ್ನು (ನಮ್ಮ ಕಾಲಕ್ಕೆ ಅದು 27ಸಿ) ಮೊದಲೇ ಕೊಡಿ. ಇಲ್ಲದಿದ್ದರೆ ಬಿಲ್ಲಿನ ಮೇಲೆ ಆದಾಯ ತೆರಿಗೆ ಹಿಡಿಯುತ್ತಾರೆ, ಆಗ ಅದು ಶೇ 1 ಇತ್ತು. 2012ರ ಜುಲೈನಲ್ಲಿ ಈ ನಿಯಮ ಬಂದಾಗ ನಾನು ಮರೆತು ಬೈಸಿಕೊಂಡಿದ್ದೇನೆ.

7. ಕಾಟಾ ಚೀಟಿಯನ್ನು ಅಂದೇ ಜೆರಾಕ್ಸ್ ಮಾಡಿಸಿ. ಲೆಕ್ಕ ಕೇಳುವವರು ವರ್ಷಗಳ ಮೇಲೆ ಬರುತ್ತಾರೆ. ಆ ನುಣುಪು ಕಾಗದದ ಅಕ್ಷರ ಅಷ್ಟು ದಿನ ನಿಲ್ಲುವುದಿಲ್ಲ. ನನ್ನ ಮೊದಲ ಮೂರು ವರ್ಷದ ಕಟ್ಟುಗಳನ್ನು ಮೊನ್ನೆ ಬಿಚ್ಚಿದೆ. ಟನ್ನು, ತಾರೀಕು, ಲಾರಿ ನಂಬರು ಎಲ್ಲ ಮಾಯ. ಡ್ರೈವರುಗಳ ಹೆಬ್ಬೆರಳಿನ ಕೆಂಪು ಗುರುತು ಮಾತ್ರ ಹಾಗೇ ಇದೆ.