ಒಂದು ಲಾರಿಯಿಂದ ಲೋಕಸಭೆಗೆ: ವಿಜಯ ಸಂಕೇಶ್ವರರ ದಾರಿಯಿಂದ 7 ಸೂತ್ರಗಳು

ದೇವನೂರಿನಿಂದ ನಂಜನಗೂಡಿಗೆ ಕಾಲೇಜಿಗೋ ಫ್ಯಾಕ್ಟರಿ ಶಿಫ್ಟಿಗೋ ಬಸ್ ಹಿಡಿಯುವವರೇ, ‘ನಮ್ಮ ಕೈ ಹಿಡಿಯೋರು ಯಾರಿದ್ದಾರೆ’ ಅನ್ನುವ ಮಾತು ಇವತ್ತೇ ಬಿಡಿ. ಅದು ಬರೀ ಅಭ್ಯಾಸ, ಬಿಟ್ಟರೆ ಹೋಗುತ್ತದೆ. 1950ರಲ್ಲಿ ಗದಗ-ಬೆಟಗೇರಿಯಲ್ಲಿ ಹುಟ್ಟಿದ ವಿಜಯ ಸಂಕೇಶ್ವರರು 1976ರಲ್ಲಿ ಸಾಗಣೆ ವ್ಯವಹಾರಕ್ಕೆ ಇಳಿದಾಗ ಇದ್ದದ್ದು ಒಂದೇ ಲಾರಿ. ಸರಿಯಾಗಿ 20 ವರ್ಷಕ್ಕೆ ಅವರು ಧಾರವಾಡ ಉತ್ತರದ ಸಂಸದ.

1. ಬೆಚ್ಚಗಿನ ಜಾಗ ಬಿಟ್ಟು ಏಳಿ.
ಅವರ ಮನೆಯಲ್ಲಿ ಮುದ್ರಣ, ಪುಸ್ತಕ ಪ್ರಕಾಶನದ ವ್ಯವಹಾರವಿತ್ತು. ಗಲ್ಲಾ ಮೇಲೆ ಕೂತಿದ್ದರೂ ಬದುಕು ನಡೆಯುತ್ತಿತ್ತು. ಆದರೆ ಅಪ್ಪನ ಅಂಗಡಿ ಕಲಿಸುವುದು ಅಪ್ಪನ ಲೆಕ್ಕ. ನಿಮ್ಮ ಲೆಕ್ಕ ನೀವೇ ಕಲಿಯಬೇಕು.

2. ಒಂದರಿಂದ ಶುರು ಮಾಡಿ.
ಹತ್ತು ಲಾರಿಗೆ ಸಾಲ ಸಿಗಲಿ ಎಂದು ಕಾಯಬೇಡಿ. ಒಂದೇ ಲಾರಿ ಇದ್ದಾಗ ಡ್ರೈವರ್, ಡೀಸೆಲ್, ಟಯರ್, ಬಾಡಿಗೆ ಬಾಕಿ ಎಲ್ಲವೂ ನಿಮ್ಮ ಕಣ್ಣೆದುರೇ ಇರುತ್ತದೆ. ಆ ಪಾಠ ಯಾವ ಎಂಬಿಎ ಕ್ಲಾಸಿನಲ್ಲೂ ಸಿಗುವುದಿಲ್ಲ.

3. ದೊಡ್ಡವರು ಬೇಡ ಅಂದ ಕೆಲಸ ಹಿಡಿಯಿರಿ.
ಇದನ್ನು ಎರಡು ಸಲ ಓದಿ. ಫುಲ್ ಲೋಡ್ ಸಿಕ್ಕರೆ ಯಾರಾದರೂ ಲಾರಿ ಓಡಿಸುತ್ತಾರೆ. ನಾಲ್ಕು ಬಂಡಲ್ ಬಟ್ಟೆ, ಎರಡು ಪೆಟ್ಟಿಗೆ ಬಿಡಿಭಾಗ ಕಳಿಸಬೇಕಾದ ಸಣ್ಣ ವ್ಯಾಪಾರಿ ಯಾರ ಬಳಿ ಹೋಗಬೇಕು? ಇಂಥ ಬಿಡಿ ಸರಕನ್ನು ಊರೂರಿನ ಬುಕಿಂಗ್ ಆಫೀಸಿನಲ್ಲಿ ಪಡೆದು, ದೊಡ್ಡ ಕೇಂದ್ರಕ್ಕೆ ತಂದು, ಊರುವಾರು ವಿಂಗಡಿಸಿ ಕಳಿಸುವುದೇ ಅವರ ಸಾಗಣೆ ಕಂಪನಿ ವಿಆರ್‌ಎಲ್‌ನ ಮುಖ್ಯ ಕಸುಬಾಯಿತು. ತಲೆನೋವಿನ ಕೆಲಸ, ನಿಜ. ಅದಕ್ಕೇ ಪೈಪೋಟಿ ಕಡಿಮೆ, ಅದಕ್ಕೇ ಗಿರಾಕಿ ಬಿಟ್ಟುಹೋಗುವುದಿಲ್ಲ.

4. ಖರ್ಚಿನ ಬೀಗದಕೈ ನಿಮ್ಮಲ್ಲಿರಲಿ.
ಹುಬ್ಬಳ್ಳಿ ಬಳಿಯ ವರೂರಿನಲ್ಲಿ ವಿಆರ್‌ಎಲ್ ತನ್ನದೇ ವರ್ಕ್‌ಶಾಪ್ ನಡೆಸುತ್ತದೆ. ಲಾರಿಗೆ ಬಾಡಿ ಕಟ್ಟುವುದು, ರಿಪೇರಿ ಎಲ್ಲ ಅಲ್ಲೇ. ಗ್ಯಾರೇಜಿನಲ್ಲಿ ನಿಂತ ಲಾರಿ ದುಡಿಯುವುದಿಲ್ಲ.

5. ಇರುವ ಜಾಲವನ್ನೇ ಎರಡನೇ ಕೆಲಸಕ್ಕೆ ಹಚ್ಚಿ.
ನನ್ನ ಪ್ರಕಾರ ಅವರ ಬದುಕಿನ ದೊಡ್ಡ ಪಾಠ ಇದು. ದಿನಪತ್ರಿಕೆಯಷ್ಟು ಬೇಗ ಕೆಡುವ ಸರಕು ಇನ್ನೊಂದಿಲ್ಲ. ಬೆಳಗಿನ ಕಾಫಿಗೆ ತಲುಪದಿದ್ದರೆ ಅದು ರದ್ದಿ. ರಾತ್ರಿಯಿಡೀ ಕರ್ನಾಟಕದ ರಸ್ತೆಗಳಲ್ಲಿ ವಾಹನ ಓಡಿಸಿ ಗೊತ್ತಿದ್ದ ಮನುಷ್ಯ ‘ವಿಜಯ ಕರ್ನಾಟಕ’ ಶುರು ಮಾಡಿದರು. ಹಲವು ಊರುಗಳಿಂದ ಆವೃತ್ತಿ ತಂದರು. ಕೆಲವೇ ವರ್ಷಗಳಲ್ಲಿ ಹಳೆಯ ಪತ್ರಿಕೆಗಳನ್ನು ಪ್ರಸಾರದಲ್ಲಿ ಹಿಂದೆ ಹಾಕಿದರು. ನಿಮ್ಮ ಕೈಯಲ್ಲಿ ಈಗಾಗಲೇ ಏನಿದೆ? ಭಾಷೆಯೋ, ಅಕೌಂಟ್ಸೋ, ಎಪಿಎಂಸಿಯ ಪರಿಚಯವೋ? ಮೊದಲು ಅದರ ಪಟ್ಟಿ ಮಾಡಿ. ಹೊಸದನ್ನು ಆಮೇಲೆ ಹುಡುಕಿ.

6. ಕೆಲಸ ಮೊದಲು, ಓಟು ಆಮೇಲೆ.
1996, 1998, 1999. ಮೂರು ಚುನಾವಣೆಯಲ್ಲೂ ಬಿಜೆಪಿಯಿಂದ ಗೆದ್ದರು. ಜನರ ಮುಂದೆ ನಿಲ್ಲುವಾಗ ಅವರ ಬೆನ್ನಿಗೆ ಇಪ್ಪತ್ತು ವರ್ಷದ ದುಡಿಮೆ ಇತ್ತು. ಕಾಲೇಜು ಯೂನಿಯನ್ ಇರಲಿ, ಗ್ರಾಮ ಪಂಚಾಯಿತಿ ಇರಲಿ, ಲೀಡರ್ ಆಗಬೇಕೆಂದರೆ ಜನ ನೋಡುವಂಥ ಒಂದು ಕೆಲಸ ಮೊದಲು ಮಾಡಿ ತೋರಿಸಿ.

7. ಸೋಲನ್ನೂ ಖಾತೆಗೆ ಬರೆಯಿರಿ, ಮುಂದಿನ ಪುಟ ತಿರುಗಿಸಿ.
ಮುಂದೆ ಅವರೇ ಕಟ್ಟಿದ ‘ಕನ್ನಡ ನಾಡು’ ಪಕ್ಷಕ್ಕೆ 2004ರ ವಿಧಾನಸಭಾ ಚುನಾವಣೆಯಲ್ಲಿ 224ರಲ್ಲಿ ಸಿಕ್ಕಿದ್ದು 1 ಸ್ಥಾನ. ಲಾರಿಯ ಜಾಲ ಪತ್ರಿಕೆಗೆ ಒದಗಿತು, ಬೂತ್ ಮಟ್ಟದ ಕಾರ್ಯಕರ್ತರನ್ನು ಕೊಡಲಿಲ್ಲ. ಸಂಕೇಶ್ವರರು ಕೂತು ಮರುಗಲಿಲ್ಲ. 2006ರಲ್ಲಿ ‘ವಿಜಯ ಕರ್ನಾಟಕ’ವನ್ನು ಟೈಮ್ಸ್ ಸಮೂಹಕ್ಕೆ ಮಾರಿದರು. 2012ರಲ್ಲಿ ‘ವಿಜಯವಾಣಿ’ ಎಂಬ ಹೊಸ ಪತ್ರಿಕೆ ತಂದರು. 2015ರಲ್ಲಿ ವಿಆರ್‌ಎಲ್ ಷೇರುಪೇಟೆಗೆ ಬಂತು, 2020ರಲ್ಲಿ ಪದ್ಮಶ್ರೀ ಬಂತು.

ಈಗ ನಿಮ್ಮ ಹೋಮ್‌ವರ್ಕ್. ಈ ಭಾನುವಾರ ನಂಜನಗೂಡಿನಲ್ಲಿ, ಕೇರಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರ ಪಕ್ಕ ಒಂದು ಗಂಟೆ ನಿಲ್ಲಿ. ಅದೇ ದಾರಿಯ ಬಂಡೀಪುರ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ, ಆದ್ದರಿಂದ ಹಗಲಲ್ಲೇ ಹೋಗಿ. ಕೇರಳದ ಕಡೆ ಏನು ಹೋಗುತ್ತಿದೆ, ಆ ಕಡೆಯಿಂದ ಯಾವ ಲಾರಿ ಖಾಲಿ ಬರುತ್ತಿದೆ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಡ್ರೈವರುಗಳು ಟೀ ಕುಡಿಯಲು ನಿಂತಾಗ ಬಾಡಿಗೆ ಎಷ್ಟು ಎಂದು ಕೇಳಿ.