ಮಹಡಿಯ ಸದ್ದಿಗೆ ತಡೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಕಲ್ಲುಚಪ್ಪಡಿ ಹೊದಿಸಿದ ಮನೆಗಳುಂಟು. ಅಂಥ ಚಪ್ಪಡಿಯ ಮೇಲೊಂದು ಮಹಡಿಯಿದ್ದರೆ, ಕೆಳಗೆ ಓದುವ ವಿದ್ಯಾರ್ಥಿಗೆ ಮೇಲಿನವರ ಮಾತು ಅಷ್ಟಾಗಿ ಕೇಳಿಸದು. ಒರಳಿನಲ್ಲಿ ಕುಟ್ಟುವ ಸದ್ದು ಮಾತ್ರ ತಲೆಗೇ ಬಡಿದಂತಾಗುವುದು. ಕಾರಣವೇನು?

ಮಾತಿನ ಸದ್ದು ಗಾಳಿಯಲ್ಲಿ ಬರುವಂಥದು. ಭಾರವಾದ ಕಲ್ಲನ್ನು ಅದು ಸುಲಭವಾಗಿ ಅಲುಗಿಸಲಾರದು. ಪೆಟ್ಟಾದರೋ ಕಲ್ಲನ್ನೇ ನೇರವಾಗಿ ನಡುಗಿಸುತ್ತದೆ. ತೂಕವು ಮಾತನ್ನು ತಡೆದರೆ, ಪೆಟ್ಟನ್ನು ತಡೆಯುವುದು ಮೆದುತನ. ಆದುದರಿಂದ ನಾವು ಮೊದಲು ಒರಳಿನ ಕೆಳಗೆ ದಪ್ಪ ರಬ್ಬರನ್ನೂ ಓಡಾಡುವೆಡೆ ನಾರಿನ ಚಾಪೆಯನ್ನೂ ಹಾಸಿ ನೋಡೋಣ.

ಹೊಸ ನೆಲವನ್ನೇ ಹಾಕಿಸುವುದಾದರೆ, ಚಪ್ಪಡಿಗೂ ಗಾರೆಗೂ ನಡುವೆ ರಬ್ಬರ್ ಅಥವಾ ಕಾರ್ಕಿನ ಪದರವಿರಲಿ; ಗೋಡೆಯಂಚಿನಲ್ಲಿಯೂ ಅದನ್ನು ಮೇಲಕ್ಕೆ ಮಡಿಸಬೇಕು. ಚಪ್ಪಡಿಯು ಆ ಭಾರವನ್ನು ತಾಳಬಲ್ಲುದೇ ಎಂದು ಎಂಜಿನಿಯರರನ್ನು ಮೊದಲೇ ಕೇಳಬೇಕು. ಗಾರೆಯು ಗೋಡೆಗೆ ಒಂದೆಡೆ ತಾಗಿದರೂ ಸಾಕು, ಸದ್ದಿಗೆ ದಾರಿಯಾದಂತೆಯೇ ಸರಿ.