ಅಕ್ಕಡಿ ಸಾಲು ಮತ್ತು ಸಣ್ಣ ಹಿಡುವಳಿಯ ರೈತ

ಬೇಸಾಯ ಉಳಿಯಬೇಕಾದರೆ ಮೊದಲು ಬೇಸಾಯಗಾರನು ಬಾಳಬೇಕು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಶೇಂಗಾ ಹೊಲಗಳನ್ನು ಕುರಿತು ಈ ಮಾತನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಫಿ ಬೆಳೆಯುವ ಮೂಡಿಗೆರೆಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಆದರೂ ಅಲ್ಲಿನ ಸಣ್ಣ ಬೆಳೆಗಾರನು ಕಾಫಿಯೊಂದನ್ನೇ ನಂಬದೆ ನೆರಳಿನ ಮರಕ್ಕೆ ಮೆಣಸಿನ ಬಳ್ಳಿಯನ್ನು ಹಬ್ಬಿಸುತ್ತಾನೆ. ನಮ್ಮಲ್ಲಿ ಬೀಳುವುದು ಸುಮಾರು 500 ಮಿಲಿಮೀಟರ್. ಅದೂ ಹೊತ್ತಿಗೆ ಸರಿಯಾಗಿ ಬಾರದು. ನಾವಾದರೋ ಹೊಲದ ತುಂಬ ಶೇಂಗಾ ಒಂದನ್ನೇ ಬಿತ್ತುವುದನ್ನು ರೂಢಿಮಾಡಿಕೊಂಡಿದ್ದೇವೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಶೇಂಗಾ ರೊಕ್ಕದ ಬೆಳೆ. ಚಳ್ಳಕೆರೆಗೆ ಎಣ್ಣೆಯ ನಗರವೆಂಬ ಹೆಸರು ಬಂದದ್ದು ಅದರಿಂದಲೇ. ಅದರ ಹೊಟ್ಟು ದನಗಳಿಗೆ ಮೇವು. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಆದರೆ ಹೂವು ಬಾಡಿದ ಮೇಲೆ ಅದರ ಬುಡದಿಂದ ಹೊರಟ ಮೊನೆಯು ಮಣ್ಣಿಗಿಳಿದು ಕಾಯಾಗಬೇಕು. ಆ ದಿನಗಳಲ್ಲಿ ಮಳೆ ಕೈಕೊಟ್ಟು ನೆಲ ಗಟ್ಟಿಯಾದರೆ ಗಿಡ ಹಸಿರಾಗಿದ್ದರೂ ಕಾಯಿ ಕಟ್ಟದು. ರಾಗಿಗೆ ಎಕರೆಗೆ 4-5 ಕಿಲೋ ಬೀಜ ಸಾಕಾದರೆ ಶೇಂಗಾಕ್ಕೆ 40-50 ಕಿಲೋ ಬೇಕು. ಬೆಳೆ ಕೆಟ್ಟರೂ ಬೀಜದ ಸಾಲ ಉಳಿಯುತ್ತದೆ. ಅದನ್ನು ತೀರಿಸಲು ಸಂಸಾರ ಬೆಂಗಳೂರಿಗೆ ಕೂಲಿಗೆ ಹೊರಟರೆ ಮೊದಲು ನಿಲ್ಲುವುದು ಮಕ್ಕಳ ಓದು.

ನಮ್ಮ ಹಿರಿಯರು ಅಕ್ಕಡಿ ಸಾಲನ್ನು ಬಿಡುತ್ತಿದ್ದುದರ ಅರ್ಥ ಇಲ್ಲಿ ತಿಳಿಯುತ್ತದೆ. ಶೇಂಗಾದ ಹಲವು ಸಾಲುಗಳ ನಡುವೆ ಒಂದು ಸಾಲು ತೊಗರಿ, ಅದರೊಡನೆ ಅಲಸಂದೆ, ಹೊಲದ ಅಂಚಿಗೆ ಹರಳು. ಶೇಂಗಾ ನಾಲ್ಕು ತಿಂಗಳೊಳಗೆ ಮುಗಿಯುತ್ತದೆ. ತೊಗರಿ ಆಳಕ್ಕೆ ಬೇರಿಳಿಸಿ ಹಿಂದಿನ ಮಳೆಗಳಿಗೂ ಕಾದಿರಬಲ್ಲದು. ಒಂದು ಕೆಟ್ಟರೆ ಇನ್ನೊಂದು ಮನೆಯ ಬೇಳೆಕಾಳಿಗಾದರೂ ಒದಗುತ್ತದೆ. ತೊಗರಿಯ ಉದುರೆಲೆ ನೆಲಕ್ಕೆ ಸೇರುತ್ತದೆ. ಕೊಯ್ಲಾದ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದರೆ ಕೊಂಡು ತರುವ ಗೊಬ್ಬರವೂ ಕಡಿಮೆಯಾಗುತ್ತದೆ.

ಒಳ್ಳೆಯ ಮಳೆಯಾದ ವರ್ಷ ಬರಿಯ ಶೇಂಗಾವೇ ಹೆಚ್ಚು ಹಣ ತರಬಹುದೆಂಬ ಆಕ್ಷೇಪವುಂಟು. ಅದು ನಿಜ. ಮಳೆ ಪೂರ್ತಿ ಹೋದರೆ ತೊಗರಿಯೂ ಕಾಯದೆಂಬುದೂ ನಿಜ. ಆದರೆ ಎರಡು ಎಕರೆಯ ರೈತನ ಕ್ಷೇಮವನ್ನು ಒಂದು ಒಳ್ಳೆಯ ವರ್ಷದ ಲಾಭದಿಂದ ಅಳೆಯಲಾಗದು. ಕೆಟ್ಟ ವರ್ಷದಲ್ಲಿ ಅವನು ಎಷ್ಟು ಸಾಲಕ್ಕೆ ಬಿದ್ದನೆಂಬುದರಿಂದಲೇ ಅಳೆಯಬೇಕು.

ನಮ್ಮ ಕಾಲೇಜಿನ ಹಲವರು ಇಂತಹ ಮನೆಗಳಿಂದಲೇ ಬಂದವರು. ಅಧ್ಯಾಪಕರು ಮಾರ್ಗದರ್ಶನ ನೀಡಿದರೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಅಕ್ಕಡಿಯುಳ್ಳ ಹೊಲವೊಂದರ, ಇಲ್ಲದ ಹೊಲವೊಂದರ ಜಮಾಖರ್ಚನ್ನು ಐದು ವರ್ಷ ಬರೆದಿಡಬಹುದು. ನಾವು ತೇರ್ಗಡೆಯಾಗಿ ಹೋದ ಮೇಲೂ ನಮ್ಮ ತಮ್ಮ ತಂಗಿಯರು ಆ ಲೆಕ್ಕವನ್ನು ಮುಂದುವರಿಸಲಿ.